ಹದಿಮೂರನೆಯ ಬಾಳೆಹಣ್ಣು

ಆಗ ನನಗೆ ಐವತ್ತೈದು. ಈ ಮಾತಿಗೆ ಮೂವತ್ತು ವರ್ಷ ದಾಟಿತು. ಐವತ್ತೈದು ಅನ್ನೋದೂ ಅಂದಾಜೇ. ನಾನು ಹುಟ್ಟಿದ ವರ್ಷ ಯಾರೂ ಬರೆದಿಟ್ಟಿಲ್ಲ. ನಮ್ಮವ್ವ ಹೇಳುತ್ತಿದ್ದದ್ದು ಇಷ್ಟು: ಆ ವರ್ಷ ಜೋಳ ಚಲೋ ಬಂದಿತ್ತು, ನೀನು ಬಹಳ ಅಳುತ್ತಿದ್ದಿ. ಇದರ ಮ್ಯಾಲೆ ನೀವು ಲೆಕ್ಕ ಹಾಕಿಕೊಳ್ಳಿರಿ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಮನೆಗೆ ಒಂದು ಚಹಾಪುಡಿ ಪಾಕೀಟು ಬಂತು. ಅದರ ಮ್ಯಾಲೆ ಕೆಂಪು ಅಕ್ಷರದಲ್ಲಿ ಏನೋ ದೊಡ್ಡದಾಗಿ ಅಚ್ಚು ಹಾಕಿದ್ದರು. ನಾನು ಎರಡನೆಯ ಇಯತ್ತೆ ಕಲಿತವಳು. ಒಂದೊಂದೇ ಅಕ್ಷರ ಹಿಡಿದು, ಒತ್ತು ಬಂದಲ್ಲಿ ನಿಂತು, ಉಸಿರು ಬಿಟ್ಟು ಮುಂದೆ ಹೋಗಬೇಕು. ಚಹಾ ಕುದ್ದು ಆರುವುದರೊಳಗೆ ಓದಿ ಮುಗಿಸಿದೆ. ‘ಇಪ್ಪತ್ತೈದು ಗ್ರಾಂ ಹೆಚ್ಚಿಗೆ, ಉಚಿತ’ ಅಂತಿತ್ತು. ಅಂದರೆ ಕೊಸರು. ಅದನ್ನು ಹೇಳೋದಕ್ಕೆ ಇಷ್ಟು ಬಣ್ಣ ಖರ್ಚು ಮಾಡಿದ್ದರು.

ಕೊಸರು ಗೊತ್ತಲ್ಲ ನಿಮಗೆ? ತೂಕ ಮುಗಿದ ಮ್ಯಾಲೆ ಮಾರುವವರು ಕೈಯೆತ್ತಿ ಹಾಕುವ ಒಂದು ಹಿಡಿ. ಬದನೆಕಾಯಿ ತಗೊಂಡರೆ ಮ್ಯಾಲೊಂದು ಬದನೆಕಾಯಿ, ಮೆಂತೆ ಪಲ್ಯ ತಗೊಂಡರೆ ಮ್ಯಾಲೆ ನಾಲ್ಕು ಕಡ್ಡಿ ಕೊತಂಬರಿ. ಬಳೆಗಾರ ಹನ್ನೆರಡು ಬಳೆ ಇಟ್ಟು ಕೈ ಬಿಟ್ಟರೆ ಯಾವ ಹೆಣ್ಣುಮಗಳೂ ಏಳೋದಿಲ್ಲ, ಇನ್ನೊಂದು ಏರಿಸಿದ ಮ್ಯಾಲೇ ಏಳೋದು. ನಾನು ಸಣ್ಣವಳಿದ್ದಾಗ ನಮ್ಮವ್ವ ಉಡಿಯಲ್ಲಿ ಜೋಳ ಕಟ್ಟಿ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ಜೋಳ ಸುರುವಿ ಅದರ ಬದಲಿಗೆ ಉಪ್ಪೋ ಎಣ್ಣೆಯೋ ತರೋದು. ಅಂಗಡಿಯವನು ಕೊಸರು ಅಂತ ನನ್ನ ಅಂಗೈಯಲ್ಲಿ ಹುರಿಗಡಲೆಯ ನಾಲ್ಕು ಪುಠಾಣಿ ಇಡುತ್ತಿದ್ದ. ಉಪ್ಪು ಮನೆಯದು, ಪುಠಾಣಿ ನನ್ನದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದು ಸಲ ನಮ್ಮಣ್ಣ ಅದರಲ್ಲಿ ಪಾಲು ಕೇಳಿದ. ಅವನ ಕೈ ಕಚ್ಚಿದೆ. ಅವ್ವ ಹೊಡೆದದ್ದು ಅವನಿಗೆ. ಅಂಗಡಿಗೆ ಹೋದವಳು ಅಕಿ, ನಿನಗೆ ಹೆಂಗ ಬರತೈತಿ ಅಂದಳು. ಹಿಂಗ ಬೆಳೆದವಳು ನಾನು.

ಮುಂದೆ ನಾನೂ ಕುಂದಗೋಳದ ಸಂತಿಯಲ್ಲಿ ಕುಂತು ಕಾಯಿಪಲ್ಯ ಮಾರಿದೆ. ಕೊಸರು ಕೇಳಿದವರಿಗೂ ಕೊಟ್ಟೆ, ಕೇಳದವರಿಗೂ ಕೊಟ್ಟೆ, ಕೊಸರಾಡಿದವರಿಗೆ ಬೈದು ಕೊಟ್ಟೆ. ಇಂಥವಳು ಮೊಮ್ಮಗಳಿಗೆ ಲೆಕ್ಕ ಹೇಳಿಕೊಡಾಕ ಕುಂತರೆ ಏನಾದೀತು ನೀವೇ ಹೇಳ್ರಿ.

ಮೊಮ್ಮಗಳ ಹೆಸರು ಪಾರವ್ವ. ಮನೆಯಲ್ಲಿ ಪಾರಿ. ನನ್ನ ಮಗ ಬಸಪ್ಪನ ಹಿರೇ ಮಗಳು, ಆಗ ಆರನೆಯ ಇಯತ್ತೆ. ತೆಳ್ಳಗೆ, ಉದ್ದ ಕುತ್ತಿಗೆ, ಮಾತು ಕಡಿಮೆ. ಊಟಕ್ಕೆ ಕರೆದರೆ ಮೂರು ಸಲ ಕರೀಬೇಕು, ಆದರೆ ಒಂದು ಸಲ ಹೇಳಿದ್ದನ್ನು ಆರು ತಿಂಗಳ ಮ್ಯಾಲೂ ಮರೆಯುತ್ತಿರಲಿಲ್ಲ. ಅವಳ ಅಪ್ಪನಿಗೆ ಅವಳು ಸಾಲಿಗೆ ಹೋಗೋದು ಅಷ್ಟಕ್ಕಷ್ಟೇ. ಅವನು ಕೆಟ್ಟವನಲ್ಲ. ಹೊಲಕ್ಕೆ ಕೈ ಬೇಕು, ಆಳಿಗೆ ಕೂಲಿ ಕೊಡಬೇಕು, ಮನೆಯಲ್ಲಿ ಒಂದು ಜೋಡು ಕೈ ಪಾಟಿ ಹಿಡಕೊಂಡು ಕುಂತಿದ್ದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅಷ್ಟೇ.

ಒಂದು ಸಂಜೆ ನಾನು ರೊಟ್ಟಿ ಬಡೀತಿದ್ದೆ. ಪಾರಿ ಪಾಟಿ ತಗೊಂಡು ಒಲೆಯ ಬೆಳಕಿಗೆ ಬಂದು ಕುಂತಳು.

“ಆಯಿ, ಇದೊಂದು ಲೆಕ್ಕ ಬರವಲ್ದು.”

“ಓದು.”

“ಒಂದು ಡಜನ್ ಬಾಳೆಹಣ್ಣಿನ ಬೆಲೆ ಆರು ರೂಪಾಯಿ. ಹಾಗಾದರೆ ಒಂದು ಬಾಳೆಹಣ್ಣಿನ ಬೆಲೆ ಎಷ್ಟು?”

ನಾನು ರೊಟ್ಟಿ ತಿರುವಿ ಹಾಕಿ ಕೇಳಿದೆ, “ಕೊಸರು ಎಷ್ಟಂತ?”

“ಕೊಸರಿನ ಮಾತ ಇಲ್ಲ ಆಯಿ.”

“ಪೂರ್ತಿ ಓದು.”

“ಪೂರ್ತಿ ಓದಿದೆ. ಇಷ್ಟ ಐತಿ.”

“ಹಂಗಾರ ಬರದವರು ಮರತಾರ. ಡಜನ್ ತಗೊಂಡವರಿಗೆ ಒಂದು ಹಣ್ಣು ಕೊಸರು ಕೊಡದ ಗಂಡಸು ನಮ್ಮ ಸಂತಿಯಾಗ ಇನ್ನೂ ಹುಟ್ಟಿಲ್ಲ. ಹದಿಮೂರು ಹಿಡಿ.”

ಪಾರಿ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಅನುಮಾನದ ಗುರುತು ಇರಲಿಲ್ಲ. ಇದ್ದಿದ್ದರೆ ಅವಳು ಪಾರಾಗುತ್ತಿದ್ದಳು. ಆರು ರೂಪಾಯಿಯನ್ನು ಹದಿಮೂರು ಹಣ್ಣಿಗೆ ಹಂಚಾಕ ಸುರು ಮಾಡಿದಳು.

“ನಲವತ್ತಾರು ಪೈಸೆ ಬಂತು ಆಯಿ. ಇನ್ನೂ ಉಳೀತು.”

“ಉಳದದ್ದನ್ನೂ ಹಂಚು. ಇಟಗೊಂಡು ಏನ್ ಮಾಡ್ತಿ?”

ಹಂಚಿದಳು. ಒಂದು ಬಂತು. ಐದು ಬಂತು. ಮೂರು ಬಂತು, ಎಂಟು ಬಂತು. ಪ್ರತಿ ಸಲವೂ ಏನೋ ಉಳೀತಿತ್ತು. ಪಾಟಿ ತುಂಬಿತು. ಹಿಂದಿನ ಬಾಜೂ ತಿರುವಿದಳು, ಅದೂ ತುಂಬಿತು. ನಾನು ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬಿಸಿದೆ, ಆ ಲೆಕ್ಕ ಮುಗಿಯಲಿಲ್ಲ. ಕಡೆಗೆ ಪಾರಿ ಬಳಪ ಕೆಳಗಿಟ್ಟಳು.

“ಆಯಿ, ತಿರುಗಿ ನಾಕು, ಆರು ಬಂತು. ಮತ್ತ ಒಂದು ಐದು ಬರತೈತಿ ನೋಡು. ಇದು ಮುಗಿಯೂದಲ್ಲ. ಗಾಣದ ಎತ್ತಿನಗತೆ ಸುತ್ತಾಕ ಹತ್ತೈತಿ.”

“ಹಾಳಾದ ಬಾಳೆಹಣ್ಣು. ಎಲ್ಲಿ ಸಾಕಾತು ಅಲ್ಲೇ ನಿಲ್ಲಸು.”

ಒಳಗಿನಿಂದ ಸೊಸೆ ಮಲ್ಲವ್ವ ಕೂಗಿದಳು, “ಅತ್ತೀ, ಇಬ್ಬರೂ ಕೂಡಿ ಹಣ್ಣು ಹಂಚೂದು ಮುಗದಿದ್ರ ನಮಗಷ್ಟು ರೊಟ್ಟಿ ಹಂಚ್ರಿ.”

ಆ ಹೊತ್ತು ಪಾರಿ ಒಂದು ದೊಡ್ಡ ಮಾತು ಹೇಳಿದ್ದಳು ಅನ್ನೋದು ನನಗೆ ತಿಳೀಲಿಲ್ಲ. ಲೆಕ್ಕ ಸುತ್ತು ಹೊಡೀತೈತಿ ಅಂತ ಅವಳು ತಾನಾಗಿ ಕಂಡುಹಿಡಿದಿದ್ದಳು. ನಾನು ರೊಟ್ಟಿಯ ಚಿಂತೆಯಲ್ಲಿದ್ದೆ. ಉಳಿದ ಲೆಕ್ಕಗಳನ್ನೂ ಹಿಂಗೇ ಮಾಡಿಸಿದೆ. ಸಕ್ಕರೆಗೆ ಒಂದು ಹಿಡಿ, ಪೆನ್ಸಿಲ್ಲಿಗೆ ಒಂದು ಪೆನ್ಸಿಲ್ಲು. ಬಟ್ಟೆಗೆ ಬೆರಳೆರಡು ಹೆಚ್ಚಿಗೆ ಅಳೆದು ಕೊಡುತ್ತಾರಲ್ಲ, ಅದನ್ನೂ ಬಿಡಲಿಲ್ಲ.

ಮರುದಿನ ಮಾಸ್ತರರು ಪಾರಿ ವಹಿಗೆ ಇಳಿಸಿಕೊಂಡು ಹೋದ ಲೆಕ್ಕ ನೋಡಿ ಮೊದಲು ಸಿಟ್ಟಾದರಂತೆ, ಆಮ್ಯಾಲೆ ನಗೋದಕ್ಕೆ ಸುರು ಮಾಡಿದರಂತೆ. ನಗು ನಿಲ್ಲದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. “ಹದಿಮೂರನೇ ಹಣ್ಣು ಎಲ್ಲಿಂದ ಬಂತಬೇ?” ಅಂತ ಕೇಳಿದ್ದಕ್ಕೆ ಈ ಹುಡುಗಿ ಎದ್ದು ನಿಂತು, “ಕೊಸರ್ರಿ ಸರ್” ಅಂದಳಂತೆ. ಇನ್ನೇನು ಬೇಕು? ಸಾಲಿಗೆ ಸಾಲಿಯೇ ಕುಣೀತು. ಮಧ್ಯಾಹ್ನದೊಳಗೆ ಅವಳಿಗೆ ಕೊಸರವ್ವ ಅಂತ ಹೆಸರು ಬಿತ್ತು. ಸಂಜೆಯೊಳಗೆ ಆ ಹೆಸರು ನಮ್ಮ ಓಣಿಗೂ ಬಂತು. ಸಣ್ಣ ಹುಡುಗರು ನಮ್ಮ ಕಟ್ಟೆಯ ಮುಂದೆ ನಿಂತು, “ಏ ಕೊಸರವ್ವಾ, ನನಗೊಂದು ಹಣ್ಣು” ಅಂತ ಕೂಗಿ ಓಡುತ್ತಿದ್ದರು. ಒಬ್ಬನನ್ನು ಹಿಡಿದು ನಾನು ಕೊಸರು ಕೊಟ್ಟೆ, ಬೆನ್ನಿಗೆ.

ಪಾರಿ ಅಳಲಿಲ್ಲ. ಸಾಲಿಗೆ ಹೋಗಾಂಗಿಲ್ಲ ಅಂದಳು. ಅಷ್ಟೇ ಅಂದು ಮೂಲೆಯಲ್ಲಿ ಕುಂತಳು.

ಬಸಪ್ಪನಿಗೆ ಇದು ಸರಿಯಾಗಿ ಸಿಕ್ಕಿತು. ಆಷಾಢದ ಮಳೆ ಬಿದ್ದು ಶೇಂಗಾದ ಹೊಲದಲ್ಲಿ ಕಸ ಮೊಣಕಾಲುದ್ದ ಎದ್ದಿತ್ತು.

“ಬಿಡಬೇ ಯವ್ವಾ. ಲೆಕ್ಕ ಬರದಾಕಿ ಸಾಲಿಗಿ ಹೋಗಿ ಮಾಡೂದೇನೈತಿ? ಆಕಿನ ಹೋಗಾಂಗಿಲ್ಲ ಅನಾಕ ಹತ್ಯಾಳ. ಪಂಚಮಿ ಆದಮ್ಯಾಲೆ ಕಸ ತಗಿಯಾಕ ಬರ್ಲಿ. ಒಂದು ಆಳಿನ ಕೂಲಿ ಉಳೀತೈತಿ.”

“ಒಮ್ಮೆ ಹೊಲಕ್ಕ ಹೋದ್ರ ಹೊಳ್ಳಿ ಸಾಲಿಗೆ ಹೋಗ್ತಾಳೇನಲೇ?”

“ಹೋಗದಿದ್ರ ಏನಾತು? ನೀ ಎಷ್ಟು ಕಲ್ತೀ? ನಿನ್ನ ಸಂಸಾರ ನಡೀಲಿಲ್ಲೇನು?”

ನಡೀತು. ನಾನು ಸುಳ್ಳು ಹೇಳೋದಿಲ್ಲ. ಆದರೆ ನಾನು ಎರಡನೆಯ ಇಯತ್ತೆಗೆ ಸಾಲಿ ಬಿಟ್ಟದ್ದೂ ಹಿಂಗೇ ಒಂದು ಕಸದ ಕಾಲದಲ್ಲಿ. ನಾಲ್ಕು ದಿನ ಬಾ ಅಂತ ಕರಕೊಂಡು ಹೋದರು. ಹೊಳ್ಳಿ ಯಾರೂ ಕಳಿಸಲಿಲ್ಲ, ನಾನೂ ಕೇಳಲಿಲ್ಲ. ಅದರ ಬಗ್ಗೆ ನನಗೆ ದುಃಖ ಇಲ್ಲ. ಆದರೆ ಅವತ್ತು ಲೆಕ್ಕ ತಪ್ಪಿಸಿದವಳು ಪಾರಿ ಅಲ್ಲ, ನಾನು. ಅಷ್ಟು ನ್ಯಾಯ ನನಗೂ ಗೊತ್ತಾಗುತ್ತದೆ.

ಮರುದಿನ ಸೀರೆ ನೆಟ್ಟಗೆ ಉಟ್ಟು, ಪಾರಿಯ ರೆಟ್ಟೆ ಹಿಡಿದು ಸಾಲಿಗೆ ನಡೆದೆ. ಮಾಸ್ತರರು ಹೊರಗೆ ಬೇವಿನ ಗಿಡದ ಕೆಳಗೆ ಖುರ್ಚಿ ಹಾಕಿಕೊಂಡು ಕುಂತಿದ್ದರು. ನವಲಗುಂದದ ಕಡೆಯವರು, ಸಣ್ಣ ವಯಸ್ಸು, ನಮ್ರ ಮನುಷ್ಯ. ನನ್ನನ್ನು ಕಂಡು ಎದ್ದು ನಿಂತರು.

“ಬರ್ರಿ ಯವ್ವಾ, ಕುಂಡ್ರಿ.”

“ಕುಂಡ್ರಾಕ ಬಂದಿಲ್ಲರಿ. ನಿಮ್ಮ ಪುಸ್ತಕದಾಗ ಕೊಸರು ಯಾಕಿಲ್ಲ ಹೇಳ್ರಿ.”

ಮಾಸ್ತರರ ಬಾಯಿಗೆ ನಗು ಬಂತು. ಹಿಡಿದುಕೊಂಡರು. “ಲೆಕ್ಕದಾಗ ಕೊಸರು ಹಿಡಿಯಾಂಗಿಲ್ರಿ.”

“ಹಂಗಾರ ಡಜನ್ ತಗೊಂಡವನಿಗೂ ಒಂದ ಹಣ್ಣು ತಗೊಂಡವನಿಗೂ ಒಂದ ರೇಟ?”

“ಹೌದ್ರಿ.”

“ಯಾ ಊರಾಗ?”

“ಲೆಕ್ಕದ ಊರಾಗ್ರಿ ಯವ್ವಾ.”

“ಆ ಊರಿನ ಸಂತಿಗೆ ನಾನಂತೂ ಹೋಗಾಂಗಿಲ್ಲ.”

“ನೀವು ಹೋಗೂದು ಬ್ಯಾಡ್ರಿ. ಪಾರವ್ವನ್ನ ಕಳಸ್ರಿ. ಹಂಚೂದರಾಗ ಅಕಿ ಒಂದು ಅಂಕಿನೂ ತಪ್ಪಿಲ್ಲ. ಹದಿಮೂರರ ಭಾಗಾಕಾರ ಅಷ್ಟು ದೂರ ತಪ್ಪಿಲ್ಲದಂಗ ಮಾಡಿದವರು ಇಡೀ ವರ್ಗದಾಗ ಯಾರೂ ಇಲ್ಲ. ನಾ ನಕ್ಕಿದ್ದು ತಪ್ಪಾತು ಅನ್ನಸ್ತೈತಿ.”

ಬೈಯೋದಕ್ಕೆ ಅಂತ ತಯಾರು ಮಾಡಿಕೊಂಡು ಹೋಗಿದ್ದ ಮಾತೆಲ್ಲ ಹಂಗೇ ಉಳೀತು. ದಾರಿಯಲ್ಲಿ ಅದನ್ನು ಒಂದು ನಾಯಿಗೆ ಬೈದು ಮುಗಿಸಿದೆ.

ಪಾರಿ ಹಿಂದೆ ಹಿಂದೆ ಬರುತ್ತಿದ್ದಳು. ಹಳ್ಳದ ಹತ್ತಿರ ಬಂದಾಗ ಮಾತಾಡಿದಳು.

“ಆಯಿ, ನನಗ ತಿಳೀತು.”

“ಏನ್ ತಿಳೀತು?”

“ಬದನೀಕಾಯಿ ಕಿಲೋಕ್ಕ ಎಷ್ಟಂತ ಹೇಳ್ತೀಯಲಾ, ಅದಕ್ಕ ಅವರು ರೊಕ್ಕ ಕೊಡ್ತಾರ. ಕೊಸರು ನೀನ ಕೊಡೂದು. ಅದನ್ನ ಬೆಲಿಯೊಳಗ ಕೂಡಿಸಿ ಹಂಚಿದ್ರ ಅದಕ್ಕೂ ಅವರು ರೊಕ್ಕ ಕೊಟ್ಟಂಗ ಆಗತೈತಿ. ಮತ್ತ ನೀ ಕೊಟ್ಟಿದ್ದು ಎಲ್ಲಿ ಹೋತು?”

ನಾನು ನಿಂತುಬಿಟ್ಟೆ. ಇಷ್ಟು ವರ್ಷ ಸಂತಿಯಲ್ಲಿ ಕುಂತಿದ್ದೇನೆ, ಎಷ್ಟೋ ಮಂದಿಗೆ ಎಷ್ಟೋ ಹಿಡಿ ಹಾಕಿದ್ದೇನೆ. ಅದು ನಾನು ಕೊಟ್ಟದ್ದು ಅಂತ ಒಬ್ಬರೂ ಹೇಳಿರಲಿಲ್ಲ. ಎಲ್ಲರೂ ತಮ್ಮ ಹಕ್ಕು ಅಂತಲೇ ಚೀಲ ಒಡ್ಡುತ್ತಿದ್ದರು. ಹನ್ನೊಂದು ವರ್ಷದ ಹುಡುಗಿ ಹಳ್ಳದ ದಂಡೆಯಲ್ಲಿ ನಿಂತು ಹೇಳಿದಳು. ಹೆಮ್ಮೆ ಆದರೆ ಎದೆ ಉಬ್ಬುತ್ತದೆ ಅನ್ನುತ್ತಾರಲ್ಲ, ನನಗೆ ಹಂಗೇನೂ ಆಗಲಿಲ್ಲ. “ನಡಿ, ಮಳಿ ಬರ್ತೈತಿ” ಅಂದೆ.

ಆದರೆ ಮನೆಗೆ ಬಂದ ಕೂಡಲೇ ಬಸಪ್ಪನನ್ನು ಹಿಡಿದೆ.

“ಪಂಚಮಿಗೆ ಬೆಲ್ಲ ತರಬೇಕಲಾ, ಈ ಸಲ ಪಾರಿ ಆರಸ್ಲಿ. ಸೋವಿ ಅಂಗಡಿ ಅಕಿ ಹುಡಕಿದ್ರ ಸಾಲಿಗೆ ಹೋಗ್ಲಿ. ತುಟ್ಟಿ ಅಂಗಡ್ಯಾಗ ಮೋಸ ಹೋದ್ರ ಹೊಲಕ್ಕ ಬರ್ಲಿ. ನಾ ಒಂದು ಮಾತೂ ಆಡಾಂಗಿಲ್ಲ.”

ನಮ್ಮ ಕಡೆ ನಾಗರ ಪಂಚಮಿ ಅಂದರೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಮನೆಗೆ ಬಂದ ಹೆಣ್ಣುಮಕ್ಕಳಿಗೆ ಡಬ್ಬಿ ತುಂಬಿ ಕೊಡೋದು. ಬೆಲ್ಲ ಪೆಂಟಿಗಟ್ಟಲೆ ಬೇಕು. ಪೆಂಟಿ ಅಂದರೆ ಬೆಲ್ಲದ ಇಡೀ ಗಡ್ಡೆ. ಬಸಪ್ಪ ನಕ್ಕ.

“ನೀ ಒಂದು ಮಾತೂ ಆಡಾಂಗಿಲ್ಲ? ಹಂಗಾರ ಆಗ್ಲಿ.”

ಅವನಿಗೆ ಗೆದ್ದೆ ಅಂತಲೇ ಲೆಕ್ಕ. ಪಾರಿಗೆ ಮಾತ್ರ ಊಟ ಸೇರಲಿಲ್ಲ. ಗೆದ್ದರೆ ಕೊಸರವ್ವ ಅಂತ ಕರೆಯುವ ಹುಡುಗರ ನಡುವೆ ಹೊಳ್ಳಿ ಹೋಗಿ ಕುಂಡ್ರಬೇಕು. ಸೋತರೆ ಹೊಲ. “ಯಾವುದು ಬೇಕಬೇ ನಿನಗ?” ಅಂತ ಕೇಳಿದೆ. “ಸಾಲಿ” ಅಂದಳು. ಅದೊಂದು ಮಾತಿಗಾಗಿಯೇ ನಾನು ಕೇಳಿದ್ದು.

ಸಂತಿಯಲ್ಲಿ ಬೆಲ್ಲದ ಅಂಗಡಿ ಹಲವಾರು ಇದ್ದರೂ ನಮಗೆ ಗೊತ್ತಿದ್ದದ್ದು ಒಂದೇ. ಗದಿಗೆಪ್ಪ ಸಾವಕಾರನದು. ನಾನು ಮದುವೆಯಾಗಿ ಬಂದಾಗಿನಿಂದ ಅವನ ಅಪ್ಪನ ಹತ್ತಿರ, ಆಮ್ಯಾಲೆ ಅವನ ಹತ್ತಿರ. ಯಾಕಂದರೆ ಗದಿಗೆಪ್ಪನ ಕೊಸರಿನಂಥ ಕೊಸರು ಬ್ಯಾರೆ ಯಾರೂ ಕೊಡುತ್ತಿರಲಿಲ್ಲ. ಬಾಯಿತುಂಬ ಮಾತಾಡಿ, ಕೈತುಂಬ ಬೆಲ್ಲದ ಚೂರು ಮುರಿದು ಹಾಕುತ್ತಿದ್ದ. ಅವನ ಎದುರಿಗೆ ದಾವಲಸಾಬ. ಅವನದು ಗಂಟುಮುಖ. ಕೊಸರು ಕೇಳಿದರೆ ಕೇಳಿಸಲೇ ಇಲ್ಲ ಅನ್ನುವಂತೆ ಆಕಡೆ ನೋಡುತ್ತಿದ್ದ. ನಾನು ಒಂದು ದಿನವೂ ಅವನ ಅಂಗಡಿ ಹತ್ತಿದವಳಲ್ಲ. ಪಂಚಮಿಯ ಮುಂಚಿನ ಸಂತಿಗೆ ನಾವು ಮೂವರೂ ಹೋದಾಗ ಗದಿಗೆಪ್ಪ ದೂರದಿಂದಲೇ ಕೂಗಿದ.

“ಬರ್ರಿ ಬಸಣ್ಣ! ಯವ್ವಾ, ಬರ್ರಿ, ಬರ್ರಿ. ಪಂಚಮಿ ಜೋರ ಐತೇನು? ಬಂಗಾರದಂಥಾ ಬೆಲ್ಲ ಬಂದೈತಿ ನೋಡ್ರಿ. ಪೆಂಟಿಗೆ ಇಪ್ಪತ್ನಾಕು ರೂಪಾಯಿ, ನಿಮಗ ಅಂತ.”

ಪಾರಿ ಮುಂದೆ ಬಂದಳು. “ಪೆಂಟಿ ಎಷ್ಟು ಕಿಲೋ ಐತ್ರಿ ಕಾಕಾ?”

ಗದಿಗೆಪ್ಪ ಅವಳನ್ನು ಈಗ ನೋಡಿದ. “ಐದು ಕಿಲೋ ತಂಗಿ. ತೂಗಿ ತೋರಸ್ತೀನಿ ಬೇಕಾದ್ರ.” ತೂಗಿ ತೋರಿಸಿದ. ಐದು ಸರಿಯಾಗಿತ್ತು.

ಪಾರಿ ತುಟಿ ಅಲ್ಲಾಡಿಸುತ್ತ ನಿಂತಳು. ಆಮ್ಯಾಲೆ ಹೊಳ್ಳಿ ನೆಟ್ಟಗೆ ದಾವಲಸಾಬನ ಅಂಗಡಿಗೆ ಹೋದಳು. ನನಗೆ ಮುಜುಗರ ಆಯಿತು, ಗದಿಗೆಪ್ಪನ ಕಣ್ಣೆದುರಿಗೇ.

“ಪೆಂಟಿ ಹೆಂಗ್ರಿ ಕಾಕಾ?”

“ಹದಿಮೂರುವರಿ.”

“ಎಷ್ಟು ಕಿಲೋ?”

“ಮೂರು. ತಗೊಳ್ಳೂದಿದ್ರ ತಗೋ, ಇಲ್ಲಾಂದ್ರ ಬಿಸಲಿಗೆ ಅಡ್ಡ ನಿಂದರಬ್ಯಾಡ.”

ಬೆಲ್ಲ ಮುಟ್ಟಿ, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಬಂದಳು. ರುಚಿ ನೋಡು ಅಂತ ನಾನು ಹೇಳಿಕೊಟ್ಟಿರಲಿಲ್ಲ. ನೋಡಿದ್ದು ಬರೋಬರಿ.

“ಅಪ್ಪಾ, ಎರಡೂ ಒಂದ ನಮೂನಿ ಬೆಲ್ಲ. ಇಲ್ಲೆ ಕಿಲೋಕ್ಕ ನಾಕು ರೂಪಾಯಿ ಎಂಬತ್ತು ಪೈಸೆ ಬೀಳತೈತಿ. ಅಲ್ಲೆ ನಾಕೂವರಿ. ಅಲ್ಲೇ ಸೋವಿ.”

ಬಸಪ್ಪ ಬೆರಳು ಮಡಚಾಕ ಹತ್ತಿದ. ಅವನ ಬೆರಳು ಇನ್ನೂ ಅರ್ಧದಾರಿಯಲ್ಲಿದ್ದಾಗ ಗದಿಗೆಪ್ಪ ಎದ್ದು ನಿಂತ. ಸಂತಿ ತುಂಬಿತ್ತು, ಸುತ್ತಲೂ ಗಿರಾಕಿಗಳು. ಅವನಿಗೂ ಬಿಡುವಂತಿರಲಿಲ್ಲ.

“ಶಾಣ್ಯಾ ಅದೀ ತಂಗಿ. ಆದ್ರ ಕೊಸರು ಎಲ್ಲಿ ಹಿಡದೀ? ಆ ದಾವಲಸಾಬ ಒಂದು ಇರಿವಿಗಾಗೂವಷ್ಟೂ ಕೊಡಾಂಗಿಲ್ಲ. ನಾ ನೋಡು,” ಅಂತ ಒಂದು ಒಡೆದ ಪೆಂಟಿಯಿಂದ ದೊಡ್ಡ ಚೂರು ಮುರಿದು ಎತ್ತಿ ಹಿಡಿದ, ಎಲ್ಲರಿಗೂ ಕಾಣುವ ಹಂಗೆ. “ಇದನ್ನ ಲೆಕ್ಕದಾಗ ಹಿಡದ್ರ ನಂದ ಸೋವಿ.”

“ಹೌದ ಮತ್ತ,” ಅಂದ ಬಸಪ್ಪ. ನನ್ನ ತಲೆಯೂ ಹೌದು ಅಂತ ಅಲ್ಲಾಡಿತು. ಆ ಚೂರು ನೋಡಿದರೆ ಯಾರ ತಲೆಯಾದರೂ ಅಲ್ಲಾಡುತ್ತಿತ್ತು. ಮಾತಾಡಾಂಗಿಲ್ಲ ಅಂತ ಒಪ್ಪಿಕೊಂಡಿದ್ದೆನಲ್ಲ, ಇಲ್ಲದಿದ್ದರೆ ಬಾಯಿಯಿಂದಲೂ ಹೌದು ಅಂದುಬಿಡುತ್ತಿದ್ದೆ.

ಪಾರಿ ಆ ಚೂರನ್ನೇ ನೋಡುತ್ತ ನಿಂತಳು. ಆಮ್ಯಾಲೆ ಅಂದಳು, “ಅದನ್ನ ತೂಗ್ರಿ ಕಾಕಾ.”

ನಿಮಗೆ ಇದು ಹೆಂಗೆ ಕೇಳಿಸುತ್ತದೋ ಏನೋ. ನಮ್ಮ ಸಂತಿಯಲ್ಲಿ ಬೆಲ್ಲ ತೂಗಬಹುದು, ಬಂಗಾರ ತೂಗಬಹುದು, ಕೊಸರು ತೂಗಿದವರಿಲ್ಲ. ಹಬ್ಬದೂಟಕ್ಕೆ ಕರೆದವರ ಮನೆಯಲ್ಲಿ ತಾಟಿನ ಅನ್ನ ತೂಗಿಸಿದ ಹಂಗೆ ಅದು. ನಾನು ಅವಳ ರೆಟ್ಟೆ ಚಿವುಟಿದೆ.

“ಕೊಸರು ತೂಗ್ತಾರೇನ ಹುಚ್ಚವ್ವಾ?”

ಚಿವುಟಿಸಿಕೊಂಡೂ ಆ ಹುಡುಗಿ ಅಲ್ಲಾಡಲಿಲ್ಲ. ದನಿಯೂ ಏರಿಸಲಿಲ್ಲ.

“ಲೆಕ್ಕದಾಗ ಹಿಡಿಯೂದಿದ್ರ ತೂಗಬೇಕಲ್ರಿ ಕಾಕಾ. ತೂಗಾಂಗಿಲ್ಲಾಂದ್ರ ಲೆಕ್ಕದಾಗ ಹಿಡೀಬ್ಯಾಡ್ರಿ.”

ಎದುರಿನ ಅಂಗಡಿಯಿಂದ ದಾವಲಸಾಬ ನಕ್ಕದ್ದು ಕೇಳಿಸಿತು. ದಾವಲಸಾಬನಿಗೆ ನಗೋದಕ್ಕೆ ಬರುತ್ತದೆ ಅನ್ನೋದು ಕುಂದಗೋಳದ ಸಂತಿಗೆ ಅವತ್ತು ಗೊತ್ತಾಯಿತು. ಗಿರಾಕಿಗಳೂ ಸುರು ಮಾಡಿದರು: “ತೂಗೋ ಗದಿಗೆಪ್ಪಾ!” “ಯಾಕ, ಹೆದರಿದೇನು ಸಾವಕಾರಾ?” ಗದಿಗೆಪ್ಪ ಕೆಂಪಗಾದ. ಆದರೆ ಅವನೂ ಗಂಡಸೇ. ಚೂರು ತಕ್ಕಡಿಗೆ ಹಾಕಿದ. ಕಾಲು ಕಿಲೋದ ಕಲ್ಲು ಇಟ್ಟ, ಚೂರು ಮ್ಯಾಲೆದ್ದಿತು. ಅದನ್ನು ತೆಗೆದು ಇನ್ನೂರು ಗ್ರಾಮಿನದು ಇಟ್ಟ, ತಕ್ಕಡಿ ಸಮ ನಿಂತಿತು. ಅಂಗೈ ತುಂಬ ಕಾಣುತ್ತಿದ್ದ ಬೆಲ್ಲ ಅಷ್ಟೇ ಇತ್ತು.

ಪಾರಿ ಕಣ್ಣು ಮುಚ್ಚಿದಳು. ಈ ಸಲವೂ ಆ ಲೆಕ್ಕ ಸುತ್ತು ಹೊಡೆಯಾಕ ಹತ್ತಿದರೆ ಅವಳ ಸಾಲಿ ಅಲ್ಲಿಗೇ ಮುಗಿದಂತೆ.

“ಇನ್ನೂರು ಗ್ರ್ಯಾಮು ದಾವಲಸಾಬ ಕಾಕಾನ ರೇಟಿಲೆ ತೊಂಬತ್ತು ಪೈಸೆ,” ಅಂದಳು. “ಇಪ್ಪತ್ನಾಕರಾಗ ತೊಂಬತ್ತು ಪೈಸೆ ತಗದ್ರ ಇಪ್ಪತ್ಮೂರು ರೂಪಾಯಿ ಹತ್ತು ಪೈಸೆ ಉಳೀತು. ಅವರ ಕಡೆ ಐದು ಕಿಲೋಕ್ಕ ಇಪ್ಪತ್ತೆರಡೂವರಿ. ಕೊಸರು ಹಿಡದ್ರೂ ಅಲ್ಲೇ ಸೋವಿ ಅಪ್ಪಾ. ಅರವತ್ತು ಪೈಸೆ.”

ಬಸಪ್ಪ ಬೆರಳು ಮಡಚೋದು ಬಿಟ್ಟ.

ಗದಿಗೆಪ್ಪ ತಕ್ಕಡಿಯಿಂದ ಆ ಚೂರು ತೆಗೆದು ಪಾರಿಯ ಮುಂದೆ ಹಿಡಿದ. ಅವನ ಮುಖದಲ್ಲಿ ಸಿಟ್ಟು ಹೋಗಿ ಬ್ಯಾರೆ ಏನೋ ಬಂದಿತ್ತು. “ತಗೋ ತಂಗಿ. ಇದು ಕೊಸರಲ್ಲ. ಹಂಗ ಕೊಡಾಕ ಹತ್ತೀನಿ, ಉಣ್ಣು.” ನನ್ನ ಕಡೆ ತಿರುಗಿ, “ಯವ್ವಾ, ಮುಂದಿನ ಸಂತಿಗೆ ಇಕಿನ್ನ ಮನ್ಯಾಗ ಬಿಟ್ಟು ಬಾ, ನಿನ್ನ ಕಾಲು ಬೀಳ್ತೀನಿ” ಅಂದ.

ಪಾರಿ ಕೈ ಹಿಂದೆ ಕಟ್ಟಿಕೊಂಡಳು. ನಾನು ಕಟ್ಟಿಕೊಳ್ಳಲಿಲ್ಲ. ಸೆರಗು ಒಡ್ಡಿ ಹಾಕಿಸಿಕೊಂಡೆ. ಅಲ್ಲಿಂದ ಎದುರಿಗೆ ಹೋಗಿ ದಾವಲಸಾಬನ ಹತ್ತಿರ ಎರಡು ಪೆಂಟಿ ತಗೊಂಡೆವು. ನಾಚಿಕೆ ಅನ್ನೋದು ಬೆಲ್ಲ ಕೊಳ್ಳುವ ಹೊತ್ತಿನಲ್ಲಿ ನನಗೆ ಎಂದೂ ಅಡ್ಡ ಬಂದಿಲ್ಲ.

ಪಾರಿ ಈಗ ಅಣ್ಣಿಗೇರಿಯಲ್ಲಿ ಗಂಡನ ಜೋಡಿ ಕಿರಾಣಿ ಅಂಗಡಿ ನಡೆಸುತ್ತಾಳೆ. ತೂಕ ಅಗದಿ ನ್ಯಾಯದ್ದು, ರೇಟು ಸೋವಿ, ಕೊಸರು ಒಂದು ಕಾಳೂ ಇಲ್ಲ. ಮಂದಿ ನನ್ನ ಹತ್ತಿರ ಚಾಡಿ ಹೇಳುತ್ತಾರೆ, ನಿನ್ನ ಮೊಮ್ಮಗಳು ಬಲೇ ಬಿಗಿ ಅಂತ. ನನಗೆ ಕೇಳಿ ಸಾಕಾಗಿಲ್ಲ. ಇನ್ನೊಮ್ಮೆ ಹೇಳ್ರಿ ಅನ್ನುತ್ತೇನೆ.

ಆದರೆ ಅವತ್ತಿನ ಮಾತು ಇನ್ನೂ ಮುಗಿದಿಲ್ಲ. ಸಂತಿಯಿಂದ ಹೊಳ್ಳಿ ಬರುವಾಗ ಬಸಪ್ಪ ಬೆಲ್ಲ ಹೊತ್ತುಕೊಂಡು ಮುಂದೆ ಮುಂದೆ ನಡೆದ. ಊರು ಸಮೀಪ ಬಂದಾಗ ನಿಂತು ಮಗಳನ್ನು ಕೇಳಿದ, “ಆ ತೊಂಬತ್ತು ಪೈಸೆ ಹೆಂಗ ಬಂತಬೇ?”

ಪಾರಿ ಹೇಳಿದಳು. ಅವನು ಎರಡು ಸಲ ಹೇಳಿಸಿದ. ತಿಳೀತೋ ಬಿಡ್ತೋ ಗೊತ್ತಿಲ್ಲ. ತಲೆ ಮ್ಯಾಲಿನ ಪೆಂಟಿ ಸರಿ ಮಾಡಿಕೊಂಡು, “ಹುಂ” ಅಂದ. ಆ ಹುಂ ನನಗೆ ಸಾಕಾಗಿತ್ತು.

ಮನೆ ಮುಟ್ಟಿದ ಮ್ಯಾಲೆ ಕಟ್ಟೆಯ ಮ್ಯಾಲೆ ಕುಂತು ಅಂದ, “ಹೋಗ್ಲಿ ಬಿಡಬೇ ಯವ್ವಾ, ಮಾತು ಕೊಟ್ಟೀನಿ. ಮಗಳು ಶಾಣ್ಯಾ ಅದಾಳ, ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಅಕಿ ಸಾಲಿಗೆ ಹೋದ್ರ ಹೊಲದಾಗಿನ ಕಸ ತಾನ ಎದ್ದು ಹೋಗಾಂಗಿಲ್ಲಲಾ? ಆಳಿಗೆ ಕೊಡೂ ರೊಕ್ಕ ಬೆಲ್ಲಕ್ಕ ಹೋತು. ಒಂದು ಕೈ ಕಡಿಮಿ ಬೀಳತೈತಿ. ನೀನ ಹೇಳು, ನಾ ಏನ್ ಮಾಡ್ಲಿ?”

ಅವನು ಕೇಳಿದ್ದು ಸುಳ್ಳಲ್ಲ. ಮಲ್ಲವ್ವ ನನ್ನ ಮುಖ ನೋಡಿದಳು, ಪಾರಿ ನೆಲ ನೋಡಿದಳು. ಸೊಸೆ ಬಂದ ಮ್ಯಾಲೆ ನಾನು ಹೊಲದ ಕೆಲಸ ಬಿಟ್ಟು ಬಹಳ ದಿನ ಆಗಿತ್ತು. ಕುಕ್ಕರಗಾಲಲ್ಲಿ ಕುಂತರೆ ಏಳಲು ಎರಡೂ ಮೊಣಕಾಲು ತಕರಾರು ಮಾಡುತ್ತಿದ್ದವು. ಇನ್ನು ಹೊಲಕ್ಕೆ ಬರಾಂಗಿಲ್ಲ ಅಂತ ಓಣಿಗೆಲ್ಲ ಕೇಳುವ ಹಂಗೆ ಸಾರಿದ್ದೆ. ಎಲ್ಲರಿಗೂ ಊಟಕ್ಕೆ ಬಡಿಸಿದೆ.

ಮರುದಿನ ಮುಂಜಾನೆ ಬಸಪ್ಪ ಎತ್ತು ಬಿಚ್ಚುವ ಮೊದಲೇ ಎದ್ದು, ಸೀರೆಗೆ ಕಚ್ಚಿ ಹಾಕಿ, ಮೊಣಕಾಲಿಗೆ ಎಣ್ಣೆ ತಿಕ್ಕಿ, ಎರಡು ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದೆ. ಪಾರಿ ಸಾಲಿಗೆ ಹೋಗುವ ಹೊತ್ತಿಗೆ ನಾನು ಅವಳ ಪಾಲಿಗೆ ಅಂತ ಬಿಟ್ಟಿದ್ದ ಶೇಂಗಾದ ಸಾಲಿನಲ್ಲಿ ಕುರ್ಪಿ ಹಿಡಿದು ಕಸ ತೆಗೆಯುತ್ತ ಕುಂತಿದ್ದೆ.